ಈಕೋ ಹಿಂಭಾಗಕ್ಕೆ ಎಲ್‌ಇಡಿ: ನಿಮ್ಮ ನೆರಳು ನಿಮಗೇ ಅಡ್ಡ ಬರದ ಹಾಗೆ

ಸಂಜೆ ಆರೂವರೆ ಮೇಲೆ, ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು, ಗಾಡಿಯ ಹಿಂದೆ ಬಗ್ಗಿ 6 ಆಂಪ್ ಎಂಸಿಬಿ ಹುಡುಕಿದ್ದೀರಾ? ನಾನು ಐದು ವರ್ಷ ಹಾಗೇ ಹುಡುಕಿದವನು. ಮನೆ ವೈರಿಂಗ್, ಯುಪಿಎಸ್ ಕೆಲಸ ನನ್ನದು. ದೀಪದ ಬುಡ ಕತ್ತಲು ಅನ್ನೋ ಮಾತು ನನ್ನ ಗಾಡಿ ನೋಡಿಯೇ ಹುಟ್ಟಿರಬೇಕು. ಕೊನೆಗೆ ಒಂದು ಭಾನುವಾರ ಕೂತು ಲೈಟ್ ಹಾಕಿದೆ. ಅದು ತಪ್ಪಾಯಿತು. ಇನ್ನೊಂದು ಭಾನುವಾರ ಕಿತ್ತು ಮತ್ತೆ ಹಾಕಿದೆ. ನಿಮ್ಮದು ಒಂದೇ ಭಾನುವಾರದಲ್ಲಿ ಮುಗಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳೋದೆಲ್ಲ ಮಾರುತಿ ಈಕೋ ಕಾರ್ಗೋ ಗಾಡಿಯನ್ನು ಕಣ್ಮುಂದೆ ಇಟ್ಟುಕೊಂಡು. ಹಳೇ ಓಮ್ನಿ, ಮುಚ್ಚಿದ ಬಾಡಿಯ ಟಾಟಾ ಏಸ್ ಇದ್ದವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ, ಎಲ್ಲವೂ 12 ವೋಲ್ಟ್ ಗಾಡಿಗಳು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಅದಕ್ಕೆ 12 ವೋಲ್ಟಿನ ಸ್ಟ್ರಿಪ್ (ಸಾಲಾಗಿ ಎಲ್‌ಇಡಿ ಇರುವ ಪಟ್ಟಿ) ಕೊಟ್ಟರೆ ಹೊಗೆ ಗ್ಯಾರಂಟಿ.

ಲೈಟ್ ಎಲ್ಲಿ ಬೇಕು ಅಂತ ಮೊದಲು ನೋಡಿ

ನಾನು ಮೊದಲು ಮಾಡಿದ ತಪ್ಪು ಇದು. ಟಾಪಿನ ನಟ್ಟನಡುವೆ ಒಂದು ದುಂಡನೆಯ ಜೋರು ಲೈಟ್ ಹಾಕಿದೆ. ಬೆಳಕೇನೋ ಬೇಕಾದಷ್ಟಿತ್ತು. ಆದರೆ ಹಿಂಬಾಗಿಲ ಹತ್ತಿರ ನಿಂತರೆ ಅದು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಡಬ್ಬಗಳ ಮೇಲೆ ನಾನು ಬರೆದ ಹೆಸರುಗಳೆಲ್ಲ ನನ್ನ ಕಡೆ ಮುಖ ಮಾಡಿರುತ್ತವೆ, ಲೈಟ್ ಅವುಗಳ ಬೆನ್ನಿಗೆ ಬೀಳುತ್ತದೆ. ಓದಬೇಕಾದ ಕಡೆಯೇ ಕತ್ತಲು! ಒಳಗೆ ಹತ್ತಿ ಕುಕ್ಕರಗಾಲಲ್ಲಿ ಕೂತರೆ ನನ್ನ ತಲೆಯ ನೆರಳು ಟೂಲ್ ಬಾಕ್ಸ್ ಮೇಲೆ.

ಹಾಗಾಗಿ ಎಷ್ಟು ವ್ಯಾಟ್ ಅಂತ ಕೇಳೋ ಮೊದಲು ಬೆಳಕು ಎಲ್ಲಿಂದ ಬೀಳಬೇಕು ಅಂತ ಕೇಳಿಕೊಳ್ಳಿ. ಲೈಟ್ ನಿಮಗೂ ಸಾಮಾನಿಗೂ ನಡುವೆ ಇರಬೇಕು, ಸಾಮಾನಿನ ಕಡೆ ಮುಖ ಮಾಡಿರಬೇಕು. ಅಂದರೆ ಹಿಂಬಾಗಿಲ ಮೇಲಿನ ಅಂಚಿನಲ್ಲಿ, ಒಳಮುಖವಾಗಿ, ಸ್ವಲ್ಪ ಕೆಳಕ್ಕೆ ವಾಲಿಸಿ. ಪಕ್ಕದಲ್ಲಿ ರ‍್ಯಾಕ್ ಇದ್ದರೆ ಪ್ರತಿ ತಟ್ಟೆಯ ಮುಂದಿನ ಅಂಚಿನ ಅಡಿಯಲ್ಲಿ ಒಂದೊಂದು ಪಟ್ಟಿ.

ಇದನ್ನು ಪರೀಕ್ಷೆ ಮಾಡೋಕೆ ದುಡ್ಡು ಬೇಡ. ಕತ್ತಲಾದ ಮೇಲೆ ಗಾಡಿಯಲ್ಲಿ ದಿನಾ ಇರುವಷ್ಟೇ ಸಾಮಾನು ತುಂಬಿ. ಮೊಬೈಲ್ ಟಾರ್ಚ್ ಹಾಕಿ, ಇನ್ಸುಲೇಷನ್ ಟೇಪಿನಿಂದ ಫೋನನ್ನು ಟಾಪಿಗೆ ಅಂಟಿಸಿ. ಹಿಂದೆ ಬಂದು ನಿಂತು ದಿನವೂ ಹುಡುಕುವ ಮೂರು ವಸ್ತು ಹುಡುಕಿ ನೋಡಿ. ಫೋನನ್ನು ಒಂದಡಿ ಹಿಂದೆ ತನ್ನಿ, ಮತ್ತೆ ನೋಡಿ. ಹತ್ತು ನಿಮಿಷದಲ್ಲಿ ಜಾಗ ಗೊತ್ತಾಗಿಬಿಡುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಡ್ರಿಲ್ ಇನ್ನೂ ಮುಟ್ಟಬೇಡಿ.

ಎಂಥ ಎಲ್‌ಇಡಿ ತರಬೇಕು

ಬೆಂಗಳೂರಿನವರಾದರೆ ಎಸ್‌ಪಿ ರೋಡಿಗೆ ಹೋದರೆ ಸ್ಟ್ರಿಪ್, ಅದನ್ನು ಕೂರಿಸುವ ಅಲ್ಯೂಮಿನಿಯಂ ಚಾನೆಲ್, ಟೈಮರ್ ಎಲ್ಲ ಸಿಗುತ್ತದೆ. ಫ್ಯೂಸ್ ಹೋಲ್ಡರ್, ರಬ್ಬರ್ ಗ್ರೊಮೆಟ್ (ತಗಡಿನ ತೂತಿನ ಅಂಚಿಗೆ ಕೂರುವ ಬಳೆ), ಗಾಡಿಯ ವೈರ್ ಬೇಕಿದ್ದರೆ ಹತ್ತಿರದಲ್ಲೇ ಜೆಸಿ ರೋಡ್. ಬೇರೆ ಊರಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲೂ ಬೋರ್ಡ್ ಬರೆಯುವವರ ಹತ್ತಿರವೂ ಇವು ಸಿಗುತ್ತವೆ.

ಅಂಗಡಿಯಲ್ಲಿ 2835, 5050 ಅಂತ ಹೇಳುತ್ತಾರೆ. ಅದು ಚಿಪ್ಪಿನ ಅಳತೆ ಅಷ್ಟೇ: 2.8 ಮಿ.ಮೀ.ಗೆ 3.5 ಮಿ.ಮೀ., 5 ಮಿ.ಮೀ.ಗೆ 5 ಮಿ.ಮೀ. ನಂಬರ್ ದೊಡ್ಡದಾದರೆ ಬೆಳಕು ಜಾಸ್ತಿ ಅಂತ ಅಂದುಕೊಳ್ಳಬೇಡಿ. ನಮ್ಮ ಕೆಲಸಕ್ಕೆ 2835 ಸಾಕು. ಮೀಟರಿಗೆ 60 ಎಲ್‌ಇಡಿ ಇರುವುದು ಸಾಮಾನ್ಯವಾಗಿ 4.8 ವ್ಯಾಟ್ ತಿನ್ನುತ್ತದೆ, 120 ಇರುವುದು 9.6 ವ್ಯಾಟ್. ನಾನು ಬಾಗಿಲ ಅಂಚಿಗೆ ಒಂದು ಮೀಟರ್ 120ರದ್ದು ಹಾಕಿದೆ. ಎರಡು ರ‍್ಯಾಕಿಗೆ ಒಂದೊಂದು ಮೀಟರ್ 60ರದ್ದು. ಒಟ್ಟು 19.2 ವ್ಯಾಟ್, 12 ವೋಲ್ಟಿನಲ್ಲಿ 1.6 ಆಂಪ್.

ಬಣ್ಣದ ವಿಷಯದಲ್ಲಿ ಅಂಗಡಿಯವರು ಸುಮ್ನೆ 6500 ಕೆಲ್ವಿನ್ ಕೂಲ್ ವೈಟ್ ಕೊಟ್ಟುಬಿಡುತ್ತಾರೆ. 4000 ಕೆಲ್ವಿನ್ ನ್ಯಾಚುರಲ್ ವೈಟ್ ಕೇಳಿ ತನ್ನಿ. ವಾರ್ಮ್ ವೈಟಿನಲ್ಲಿ ಹಳದಿ ವೈರೂ ಬಿಳಿ ವೈರೂ ಅಣ್ಣ ತಮ್ಮನ ಹಾಗೆ ಕಾಣುತ್ತವೆ, ಎಲೆಕ್ಟ್ರಿಷಿಯನ್‌ಗೆ ಅದು ಆಗಲ್ಲ. ಕೂಲ್ ವೈಟಿಗೆ ಹುಳ ಜಾಸ್ತಿ ಬರುತ್ತದೆ. ಮೊದಲ ಮಳೆ ಬಿದ್ದ ಸಂಜೆ ಬಾಗಿಲು ತೆಗೆದು ಲೈಟ್ ಹಾಕಿ ನೋಡಿ, ಈಚಲು ಹುಳದ ರೆಕ್ಕೆ ಟೂಲ್ ಬಾಕ್ಸಿನಲ್ಲಿ ವಾರಗಟ್ಟಲೆ ಸಿಗುತ್ತಿರುತ್ತದೆ.

ಸಿಲಿಕಾನ್ ಕೋಟಿಂಗ್ ಇರುವ ವಾಟರ್‌ಪ್ರೂಫ್ ಸ್ಟ್ರಿಪ್ ಬೇಕಾ? ಗಾಡಿಯ ಒಳಗೆ ಬೇಡ ಅಂತಲೇ ನನ್ನ ಮಾತು. ಅದು ಬಿಸಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಬರ್ತಾ ಬರ್ತಾ ಹಳದಿಯಾಗುತ್ತದೆ. ಕೋಟಿಂಗ್ ಇಲ್ಲದ ಸ್ಟ್ರಿಪ್ಪನ್ನು ಹಾಲುಬಣ್ಣದ ಮುಚ್ಚಳ ಇರುವ ಅಲ್ಯೂಮಿನಿಯಂ ಚಾನೆಲ್ಲಿಗೆ ಹಾಕಿ. ಚಾನೆಲ್ ಬಿಸಿ ಎಳೆದುಕೊಳ್ಳುತ್ತದೆ, ಮುಚ್ಚಳ ಧೂಳು ತಡೆಯುತ್ತದೆ, ಏಣಿ ತಗುಲಿದರೂ ಚಿಪ್ ಉಳಿಯುತ್ತದೆ.

12 ವೋಲ್ಟ್ ಅಂದರೆ 12 ಅಲ್ಲ

ಇದೊಂದನ್ನು ಸ್ವಲ್ಪ ನಿಧಾನವಾಗಿ ಓದಿ. ‘ತಂದ ಸ್ಟ್ರಿಪ್ ಆರು ತಿಂಗಳಿಗೇ ಹೋಯ್ತು’ ಅನ್ನುವವರ ಸಮಸ್ಯೆ ಬಹಳ ಸಲ ಇಲ್ಲೇ ಇರುತ್ತದೆ.

ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಎಂಜಿನ್ ನಿಂತಿದ್ದಾಗ 12.6 ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 14.4ರ ಹತ್ತಿರ ಒಯ್ಯುತ್ತದೆ. ‘ಎರಡು ವೋಲ್ಟ್ ತಾನೇ’ ಅನ್ನಿಸುತ್ತದೆ ಅಲ್ವಾ? ಸ್ಟ್ರಿಪ್ಪಿನ ಒಳಗೆ ನೋಡಿ. ಮೂರು ಎಲ್‌ಇಡಿ ಸಾಲಾಗಿ, ಜೊತೆಗೆ ಕರೆಂಟಿಗೆ ತಡೆ ಹಾಕುವ ಒಂದು ಪುಟ್ಟ ರೆಸಿಸ್ಟರ್. ಎಲ್‌ಇಡಿಗಳು ಸುಮಾರು 9 ವೋಲ್ಟ್ ತಿನ್ನುತ್ತವೆ, ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ. ಸಪ್ಲೈ 14.4 ಆದಾಗ ಎಲ್‌ಇಡಿ ತಿನ್ನುವುದು ಅಷ್ಟೇನೂ ಏರುವುದಿಲ್ಲ. ಹೆಚ್ಚಿಗೆ ಬಂದದ್ದು ಬಹುಪಾಲು ರೆಸಿಸ್ಟರಿನ ತಲೆ ಮೇಲೆ. 3 ಇದ್ದದ್ದು 5ರ ಹತ್ತಿರ ಹೋಗುತ್ತದೆ, ಕರೆಂಟೂ ಅದೇ ಲೆಕ್ಕದಲ್ಲಿ ಏರುತ್ತದೆ. ಚಿಪ್ಪುಗಳು ಬಿಸಿಯಾಗಿ ಸಾಯುತ್ತವೆ.

ದಾರಿ ಮೂರಿವೆ. ಒಂದು, ಎಂಜಿನ್ ಓಡುವಾಗ ಹಿಂದಿನ ಲೈಟ್ ಹಾಕಲೇಬೇಡಿ. ಹಿಂದೆ ಸಾಮಾನು ಹುಡುಕುವಾಗ ಎಂಜಿನ್ ಹೇಗಿದ್ದರೂ ಆಫ್ ಇರುತ್ತದೆ. ನಾನು ಹೀಗೇ ನಡೆಸುತ್ತಿದ್ದೇನೆ, ಖರ್ಚಿಲ್ಲ. ಎರಡು, 9ರಿಂದ 32 ವೋಲ್ಟ್ ಅಂತ ಬರೆದಿರುವ, ಒಳಗೇ ಕರೆಂಟನ್ನು ಹದದಲ್ಲಿಡುವ ಡ್ರೈವರ್ ಸರ್ಕ್ಯೂಟ್ ಇರುವ ಎಲ್‌ಇಡಿ ಬಾರ್ ತನ್ನಿ. ಬೆಲೆ ಸ್ವಲ್ಪ ಜಾಸ್ತಿ, ತಲೆನೋವು ಕಡಿಮೆ. ಲೈಟ್ ಆಫ್ ಮಾಡಲು ಮರೆಯುವ ಹುಡುಗರು ಗಾಡಿ ಓಡಿಸುತ್ತಿದ್ದರೆ ಇದೇ ಸರಿ. ಮೂರು, ಮಧ್ಯದಲ್ಲಿ 12 ವೋಲ್ಟಿಗೆ ಇಳಿಸುವ ಕನ್ವರ್ಟರ್. ಆದರೆ ಬರೀ ಇಳಿಸುವ ಮಾಡ್ಯೂಲ್, ಅಂದರೆ ಎಲ್‌ಎಂ2596 ಥರದ್ದು, ತಾನೇ ಒಂದು–ಒಂದೂವರೆ ವೋಲ್ಟ್ ನುಂಗುತ್ತದೆ. ಎಂಜಿನ್ ಆಫ್ ಇದ್ದಾಗ ಲೈಟಿಗೆ 11ರ ಆಸುಪಾಸು ಸಿಕ್ಕಿ ಸ್ವಲ್ಪ ಮಂಕಾಗುತ್ತದೆ. ಅಗ್ಗದ್ದಾದರೆ ಎಫ್‌ಎಂ ರೇಡಿಯೋದಲ್ಲಿ ಗುಂಯ್ ಅನ್ನೋ ಸದ್ದು ಬೇರೆ.

ಸಾಮಾನು ಪಟ್ಟಿ

ಸ್ಟ್ರಿಪ್ ಮತ್ತು ಚಾನೆಲ್ ಬಿಟ್ಟರೆ ಬೇಕಾದದ್ದು: 1 ಸ್ಕ್ವೇರ್ ಎಂಎಂನ ಎಳೆ ಎಳೆ ಇರುವ ಕಾಪರ್ ವೈರ್ ಕೆಂಪು ಮತ್ತು ಕಪ್ಪು, ಬ್ಲೇಡ್ ಫ್ಯೂಸ್ ಹೋಲ್ಡರ್, 5 ಆಂಪ್ ಫ್ಯೂಸ್ ಎರಡು, ರಿಂಗ್ ಲಗ್ (ವೈರ್ ತುದಿಗೆ ಒತ್ತಿ ಬೋಲ್ಟಿಗೆ ಹಾಕುವ ಬಳೆ), ರಬ್ಬರ್ ಗ್ರೊಮೆಟ್, ವೈರ್ ಹಾಕುವ ಕಪ್ಪು ಫ್ಲೆಕ್ಸಿಬಲ್ ಪೈಪ್, ಕೇಬಲ್ ಟೈ, ಬಿಸಿ ಮಾಡಿದರೆ ಜಾಯಿಂಟಿಗೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್, ಸ್ವಿಚ್. ಒಂಟಿ ಎಳೆಯ ಗಟ್ಟಿ ವೈರ್ ಬೇಡ, ಗಾಡಿಯ ಕುಲುಕಾಟಕ್ಕೆ ಅದು ಮುರಿಯುತ್ತದೆ.

1.6 ಆಂಪಿಗೆ 3 ಆಂಪ್ ಫ್ಯೂಸ್ ಸಾಕಲ್ವಾ ಅಂತ ಕೇಳಬಹುದು. ಯಾರೋ ಮರೆತು ಎಂಜಿನ್ ಓಡುವಾಗ ಲೈಟ್ ಹಾಕಿದರೆ ಕರೆಂಟ್ 3ರ ಹತ್ತಿರ ಹೋಗುತ್ತದೆ, ಆಗ ಸುಮ್ಮಸುಮ್ಮನೆ ಫ್ಯೂಸ್ ಹಾರುತ್ತದೆ. 5 ಆಂಪ್ ಫ್ಯೂಸಿನ ಬಣ್ಣ ತಿಳಿ ಕಂದು. 7.5ರದ್ದು ಗಾಢ ಕಂದು, 10ರದ್ದು ಕೆಂಪು. ಫ್ಯೂಸ್ ಇರುವುದು ಲೈಟ್ ಕಾಯೋಕಲ್ಲ, ವೈರ್ ಕಾಯೋಕೆ. ಹಾರಿತು ಅಂತ ದೊಡ್ಡದು ಹಾಕಿದರೆ ಮುಂದೆ ಹಾರುವುದು ವೈರಿನ ಮೇಲಿನ ಪ್ಲಾಸ್ಟಿಕ್ಕು.

ಕೆಲಸ ಶುರು

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರಿನ ಇನ್ನೊಂದು ತುದಿ ಗಾಡಿಯ ಬಾಡಿಗೆ ತಗುಲಿತು ಅಂದುಕೊಳ್ಳಿ, ಅಲ್ಲೇ ವೆಲ್ಡಿಂಗ್ ಆಗುತ್ತದೆ. ವಾಚು, ಉಂಗುರ ತೆಗೆದಿಡಿ.

ಪಾಸಿಟಿವಿನಿಂದ ಹೊಸ ಕೆಂಪು ವೈರ್ ತೆಗೆಯಿರಿ. ಟರ್ಮಿನಲ್ಲಿನಿಂದ ಒಂದು ಗೇಣು ಒಳಗೆ ಫ್ಯೂಸ್ ಹೋಲ್ಡರ್ ಬರಬೇಕು. ಫ್ಯೂಸನ್ನು ಸ್ವಿಚ್ ಹತ್ತಿರ, ಅಂದರೆ ಗಾಡಿಯ ಹಿಂದೆ ಹಾಕುವವರನ್ನು ನೋಡಿದ್ದೇನೆ. ಬ್ಯಾಟರಿಯಿಂದ ಅಲ್ಲಿವರೆಗಿನ ವೈರಿಗೆ ಆಗ ದಿಕ್ಕೇ ಇಲ್ಲ. ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿಯೇ. ಫ್ಯೂಸನ್ನು ಈಗಲೇ ಹೋಲ್ಡರಿಗೆ ಹಾಕಬೇಡಿ, ಕೊನೆಯಲ್ಲಿ ಹಾಕೋಣ.

ಗಾಡಿಯ ಒಳಗಿರುವ ಹಳೇ ಲೈಟಿನ ವೈರಿನಿಂದಲೇ ಕರೆಂಟ್ ಎಳೆದುಬಿಡೋಣ ಅನ್ನಿಸಬಹುದು. ಬೇಡ. ಆ ಫ್ಯೂಸ್ ಬೇರೆ ಕೆಲಸಗಳ ಜೊತೆ ಹಂಚಿಕೊಂಡಿರಬಹುದು. ಗಾಡಿ ವಾರಂಟಿಯಲ್ಲಿದ್ದರೆ, ಕಂಪನಿ ವೈರಿಂಗನ್ನು ಕತ್ತರಿಸಿದ್ದು ಕಂಡರೆ ಸರ್ವೀಸಿನಲ್ಲಿ ತಕರಾರು ಬೇರೆ.

ಈಕೋದಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಆ ಜಾಗದಲ್ಲಿ ಕಾವು ಜಾಸ್ತಿ. ವೈರನ್ನು ಸೈಲೆನ್ಸರ್ ಪೈಪಿನ ಹತ್ತಿರ ಬಿಡಬೇಡಿ. ಗಾಡಿಯ ಅಡಿಯಲ್ಲಿ ಎಳೆಯುವುದಕ್ಕಿಂತ ಒಳಗೇ, ಬಾಗಿಲ ಪಕ್ಕದ ಪಟ್ಟಿಯ ಕೆಳಗೆ ಫ್ಲೆಕ್ಸಿಬಲ್ ಪೈಪಿನಲ್ಲಿ ಹಾಕಿ ಹಿಂದಕ್ಕೆ ಒಯ್ಯಿರಿ. ಜಾರುಬಾಗಿಲಿನ ಹಳಿಯ ದಾರಿಗೆ ಬರಬಾರದು. ಬಾಗಿಲನ್ನು ಪೂರ್ತಿ ಎಳೆದು, ಮುಚ್ಚಿ, ಎರಡು ಮೂರು ಸಲ ನೋಡಿ. ಪ್ರತಿ ಒಂದು ಗೇಣಿಗೆ ಒಂದು ಟೈ ಹಾಕಿ.

ತಗಡಿನ ತೂತಿನಿಂದ ವೈರ್ ಹಾಯುವ ಕಡೆಯೆಲ್ಲ ಗ್ರೊಮೆಟ್ ಬೇಕೇ ಬೇಕು. ಡ್ರಿಲ್ ಮಾಡಿದ ತೂತಿನ ಅಂಚನ್ನು ಉಗುರಿನಿಂದ ಸವರಿ ನೋಡಿ, ಗರಗಸದ ಹಾಗಿರುತ್ತದೆ. ನಮ್ಮ ರಸ್ತೆಯ ಹಂಪುಗಳಿಗೆ ವೈರ್ ಅದರ ಮೇಲೆ ದಿನಕ್ಕೆ ಸಾವಿರ ಸಲ ಉಜ್ಜುತ್ತದೆ. ಹಾಗೇ, ತೂತು ಹೊಡೆಯುವ ಮೊದಲು ಆ ಕಡೆ ಏನಿದೆ ಅಂತ ಕೈ ಹಾಕಿ, ಟಾರ್ಚ್ ಹಾಕಿ ನೋಡಿ. ಪೆಟ್ರೋಲ್ ಟ್ಯಾಂಕ್, ಸಿಎನ್‌ಜಿ ಪೈಪ್, ಬ್ರೇಕ್ ಲೈನ್ ಯಾವುದೂ ಹತ್ತಿರ ಇರಬಾರದು. ಡ್ರಿಲ್ ಬಿಟ್ಟಿಗೆ 5 ಮಿ.ಮೀ. ಬಿಟ್ಟು ಟೇಪ್ ಸುತ್ತಿದರೆ ಎಷ್ಟು ಆಳ ಹೋಯಿತು ಅಂತ ಕಾಣುತ್ತದೆ. ಹೊಡೆದ ತೂತಿನ ಬರಿ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಪೇಂಟ್ ಒಂದು ಬೊಟ್ಟು ಹಚ್ಚಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಟಾಪಿಗೆ ಮಾತ್ರ ತೂತು ಬೇಡವೇ ಬೇಡ. ಸೋರಲು ಶುರುವಾದರೆ ನಿಲ್ಲಿಸುವುದು ಕಷ್ಟ.

ಚಾನೆಲ್ಲನ್ನು ಟಾಪಿನ ಒಳಗಿನ ಅಡ್ಡಪಟ್ಟಿಗೆ ಕೂರಿಸಿ. ಅಲ್ಲಿ ಮೊದಲೇ ತೂತು ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ವಿಎಚ್‌ಬಿ ಅನ್ನೋ ದಪ್ಪ ಡಬಲ್ ಸೈಡ್ ಟೇಪ್ ಹಾಕಿ. ಅಂಟಿಸುವ ಜಾಗವನ್ನು ಸ್ಪಿರಿಟ್ ಹಾಕಿ ಒರೆಸಿ, ಅಂಟಿಸಿದ ಮೇಲೆ ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಸ್ಟ್ರಿಪ್ಪಿನ ಹಿಂದೆ ಬರುವ ತೆಳು ಅಂಟನ್ನು ನಂಬಿ ನೇರ ಟಾಪಿಗೆ ಅಂಟಿಸಿದರೆ, ಏಪ್ರಿಲ್ ಬಿಸಿಲಿಗೆ ಸ್ಟ್ರಿಪ್ ಹಾವಿನ ಹಾಗೆ ಜೋತುಬೀಳುತ್ತದೆ.

ಸ್ಟ್ರಿಪ್ ಕತ್ತರಿಸುವುದು ಗೆರೆ ಇರುವ ಕಡೆ ಮಾತ್ರ. 12 ವೋಲ್ಟಿನದರಲ್ಲಿ ಮಾಮೂಲಿಯಾಗಿ ಮೂರು ಎಲ್‌ಇಡಿಗೆ ಒಂದು ಗೆರೆ ಇರುತ್ತದೆ. ಒತ್ತಿ ಹಾಕುವ ಕ್ಲಿಪ್ ಕನೆಕ್ಟರ್ ಮನೆಯ ಫಾಲ್ಸ್ ಸೀಲಿಂಗಿಗೆ ಸರಿ, ಗಾಡಿಯಲ್ಲಿ ಕುಲುಕಿ ಕುಲುಕಿ ಸಡಿಲವಾಗುತ್ತದೆ. ಬೆಸುಗೆ ಹಾಕಿ. ಮೊದಲು ತಾಮ್ರದ ಚುಕ್ಕೆಯ ಮೇಲೆ ಸ್ವಲ್ಪ ಸೋಲ್ಡರ್ ಕರಗಿಸಿ, ವೈರ್ ತುದಿಗೂ ಹಚ್ಚಿ. ಆಮೇಲೆ ಎರಡನ್ನೂ ಕೂಡಿಸಿ ಐರನ್ ಎರಡು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಜಾಸ್ತಿ ಹೊತ್ತು ಇಟ್ಟರೆ ಚುಕ್ಕೆಯೇ ಎದ್ದು ಬರುತ್ತದೆ. ಬೆಸುಗೆಯ ಮೇಲೆ ಒಂದು ಹನಿ ಸಿಲಿಕಾನ್ ಹಾಕಿ, ವೈರ್ ಎಳೆತ ಬೆಸುಗೆಗೆ ಬರಬಾರದು. ಆದರೆ ವಿನೆಗರ್ ಥರ ಹುಳಿ ವಾಸನೆ ಬರುವ ಸಿಲಿಕಾನ್ ಬೇಡ. ಅದರಲ್ಲಿರುವ ಆಸಿಡ್ ತಾಮ್ರವನ್ನು ಹಸಿರು ಹಿಡಿಸಿ ತಿನ್ನುತ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದಿರುವುದನ್ನು ತನ್ನಿ. ಗ್ಲೂ ಗನ್ ಗಮ್ ಬಿಸಿಲಿಗೆ ಮೆತ್ತಗಾಗುತ್ತದೆ.

ಕಪ್ಪು ವೈರನ್ನು ಗಾಡಿಯ ಲೋಹದ ಬಾಡಿಗೆ ಸೇರಿಸಿ. ಗಾಡಿಯಲ್ಲಿ ಮೊದಲೇ ಇರುವ ಅರ್ಥಿಂಗ್ ಬೋಲ್ಟ್ ಸಿಕ್ಕರೆ ಒಳ್ಳೆಯದು. ಸೀಟ್ ಬೆಲ್ಟ್ ಬೋಲ್ಟ್, ಟ್ಯಾಂಕಿನ ಬೋಲ್ಟ್ ಮುಟ್ಟಬೇಡಿ. ಪೇಂಟ್ ಕೆರೆದು ಹೊಳೆಯುವ ಕಬ್ಬಿಣ ಕಾಣುವ ಹಾಗೆ ಮಾಡಿ, ರಿಂಗ್ ಲಗ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಲಗ್ ಒತ್ತಿದ ಮೇಲೆ ವೈರನ್ನು ಒಮ್ಮೆ ಜಗ್ಗಿ ನೋಡಿ. ಕೈಗೆ ಬಂದರೆ ಈಗಲೇ ಬರಲಿ. ಲೈಟ್ ಮಿಣಮಿಣ ಅಂದರೆ ಹತ್ತರಲ್ಲಿ ಎಂಟು ಸಲ ತಪ್ಪು ಈ ಬೋಲ್ಟಿನಲ್ಲೇ ಇರುತ್ತದೆ. ಫೈಬರ್ ಅಥವಾ ಪ್ಲೈವುಡ್ ಬಾಡಿ ಇದ್ದರೆ ಕಪ್ಪು ವೈರನ್ನೂ ಚಾಸಿಯವರೆಗೆ ಎಳೆಯಲೇಬೇಕು.

ಸ್ವಿಚ್ಚು, ಮತ್ತು ನನ್ನ ಸೋಮವಾರ

ಈ ಪಟ್ಟಿಗಳನ್ನು ಹಾಕಿದ ಹೊಸದರಲ್ಲಿ ಬರೀ ಒಂದು ಸ್ವಿಚ್ ಇಟ್ಟಿದ್ದೆ. ಭಾನುವಾರ ರಾತ್ರಿ ಎಂಟಕ್ಕೆ ಸಾಮಾನು ಜೋಡಿಸಿ ಬಾಗಿಲು ಹಾಕಿ ಹೋದೆ. ಲೈಟ್ ಒಳಗೆ ಉರಿಯುತ್ತಲೇ ಇತ್ತು. ಸರಕಿನ ಗಾಡಿ, ಹಿಂದೆ ಗಾಜಿನಿಂದ ಕಾಣೋದೂ ಕಡಿಮೆ. ಬೆಳಗ್ಗೆ ಎಂಟಕ್ಕೆ ಕೀ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು, ಅಷ್ಟೇ. 12 ಗಂಟೆ, 1.6 ಆಂಪ್: 19 ಆಂಪ್‌ಅವರ್ ಹೋಗಿತ್ತು. ಬ್ಯಾಟರಿ 35 ಆಂಪ್‌ಅವರಿನದು, ಅದೂ ಮೂರು ವರ್ಷದ್ದು. ಪಕ್ಕದ ಮನೆ ಯಜಮಾನರು ಪಂಚೆ ಎತ್ತಿ ಕಟ್ಟಿ ಗಾಡಿ ತಳ್ಳಿದರು. ‘ಏನಪ್ಪಾ, ನೀನೇ ಕರೆಂಟ್ ಕೆಲಸದವನಲ್ವಾ?’ ಅಂದರು.

ಲೈಟನ್ನು ಕೀಗೆ ಸೇರಿಸಿದರೆ ಈ ಕಾಟ ಇಲ್ಲ. ಆದರೆ ಹಿಂದೆ ಕೆಲಸ ಮಾಡುವಾಗ ಕೀ ನಮ್ಮ ಜೇಬಿನಲ್ಲಿರುತ್ತದೆ. ಬಾಗಿಲಿಗೆ ಒತ್ತುವ ಪಿನ್ ಸ್ವಿಚ್ ಹಾಕಬಹುದು, ಬಾಗಿಲು ಮುಚ್ಚಿದರೆ ಆಫ್. ಒಳ್ಳೆಯದೇ. ಆದರೆ ಹಗಲೆಲ್ಲ ಬಾಗಿಲು ತೆರೆದಿಟ್ಟು ಕೆಲಸ ಮಾಡುವವರಿಗೆ ಸುಮ್ನೆ ಉರಿಯುತ್ತದೆ. ಓಡಾಟ ಗುರುತಿಸುವ ಪಿಐಆರ್ ಸೆನ್ಸರನ್ನೂ ಹಾಕಿ ನೋಡಿದೆ. ಅದು ನೋಡುವುದು ಮೈಯ ಕಾವಿಗೂ ಸುತ್ತಲಿನ ಕಾವಿಗೂ ಇರುವ ವ್ಯತ್ಯಾಸವನ್ನು. ಬೇಸಿಗೆಯ ಸಂಜೆ ಗಾಡಿಯೇ ನಮ್ಮಷ್ಟು ಬಿಸಿಯಾಗಿದ್ದರೆ ಅದಕ್ಕೆ ನಾವು ಕಾಣುವುದೇ ಇಲ್ಲ.

ಈಗ ನನ್ನ ಗಾಡಿಯಲ್ಲಿರುವುದು ಒತ್ತಿದರೆ 15 ನಿಮಿಷ ಉರಿದು ತಾನೇ ಆರುವ 12 ವೋಲ್ಟ್ ಟೈಮರ್ ಮಾಡ್ಯೂಲ್. ಜೊತೆಗೆ ಹಿಂಬಾಗಿಲ ಪಕ್ಕದ ಕಂಬದಲ್ಲಿ, ಮೊಣಕೈ ಎತ್ತರಕ್ಕೆ, ಒಂದು ಪುಶ್ ಬಟನ್. ಎರಡೂ ಕೈಯಲ್ಲಿ ಸಾಮಾನಿದ್ದರೆ ಮೊಣಕೈಯಲ್ಲೇ ಒತ್ತುತ್ತೇನೆ.

ಆನ್ ಮಾಡುವ ಮುಂಚೆ, ಮಾಡಿದ ಮೇಲೆ

ಫ್ಯೂಸ್ ಹಾಕುವ ಮೊದಲು ಮಲ್ಟಿಮೀಟರಿನ ಬೀಪ್ ಇಟ್ಟು ಕೆಂಪು ವೈರಿಗೂ ಬಾಡಿಗೂ ಶಾರ್ಟ್ ಇಲ್ಲ ಅಂತ ನೋಡಿ. ಆಮೇಲೆ ಬ್ಯಾಟರಿ ನೆಗೆಟಿವ್ ಹಾಕಿ, ಕೊನೆಗೆ ಫ್ಯೂಸ್. ಒಂದು ಪಟ್ಟಿ ಮಾತ್ರ ಉರಿಯದಿದ್ದರೆ ಕೆಂಪು ಕಪ್ಪು ಅದಲು ಬದಲಾಗಿರಬಹುದು, ತಿರುಗಿಸಿ ಹಾಕಿ ನೋಡಿ. ಪಟ್ಟಿಯ ಕೊನೆಯ ತುದಿಯಲ್ಲಿ ವೋಲ್ಟ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗಿಂತ ಜಾಸ್ತಿ ಕಡಿಮೆ ಇದ್ದರೆ ಎಲ್ಲೋ ಜಾಯಿಂಟ್ ಸಡಿಲ. ಅರ್ಧ ಗಂಟೆ ಉರಿಸಿ ಚಾನೆಲ್ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸರಿಯಿಲ್ಲ.

ಕೆಲವರಿಗೆ ಮಾತ್ರ ಬೇಕಾದ ಮಾತು

ಸಿಎನ್‌ಜಿ ಗಾಡಿಯವರು ನೆನಪಿಡಿ: ಸಿಎನ್‌ಜಿ ಗಾಳಿಗಿಂತ ಹಗುರ, ಸೋರಿದರೆ ಟಾಪಿನ ಕೆಳಗೆ ಸೇರುತ್ತದೆ. ಎಲ್‌ಪಿಜಿ ಭಾರ, ನೆಲದಲ್ಲಿ ಸೇರುತ್ತದೆ. ಪೈಪ್ ಬೆಸೆಯುವ ಬ್ರೇಜಿಂಗ್ ಸೆಟ್, ಗ್ಯಾಸ್ ಸಿಲಿಂಡರ್ ಒಯ್ಯುವ ಎಸಿ ಮೆಕ್ಯಾನಿಕ್‌ಗಳಿಗೂ ಇದೇ ಮಾತು. ಬಾಗಿಲು ತೆಗೆದಾಗ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಒತ್ತಬೇಡಿ. ಎಲ್ಲ ಬಾಗಿಲು ತೆರೆದು ದೂರ ನಿಲ್ಲಿ.

ಟಾಟಾ ಏಸ್ ಇವಿಯಂಥ ಎಲೆಕ್ಟ್ರಿಕ್ ಗಾಡಿಯಲ್ಲೂ ಲೈಟಿಗೆ ಅಂತ 12 ವೋಲ್ಟ್ ಲೈನ್ ಬೇರೆ ಇರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ದೊಡ್ಡ ಬ್ಯಾಟರಿಯದು, ಮುಟ್ಟಲೇಬೇಡಿ. ಇವಿಗೆ ಸರ್ವೀಸ್ ಸೆಂಟರಿನಲ್ಲೇ ಕೇಳಿ ಹಾಕಿಸಿ. ಬಾಡಿಗೆ ಗಾಡಿ ಓಡಿಸುವವರು ಇಷ್ಟೆಲ್ಲ ಮಾಡುವ ಬದಲು ಮ್ಯಾಗ್ನೆಟ್ ಇರುವ ಚಾರ್ಜಿಂಗ್ ಲೈಟ್ ಎರಡು ಇಟ್ಟುಕೊಳ್ಳಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿಯ ಹಿಂದಕ್ಕೆ ಕೆಂಪು ಬಿಟ್ಟು ಬೇರೆ ಬಣ್ಣದ ಬೆಳಕು ತೋರಿಸುವಂತಿಲ್ಲ. ರಿವರ್ಸ್ ಲೈಟ್ ಥರದ ಕೆಲವಕ್ಕೆ, ಗಾಡಿಯ ಒಳಗಿನ ಲೈಟಿಗೆ ವಿನಾಯ್ತಿ ಇದೆ. ಹಾಗಾಗಿ ಹಿಂದೆ ಹೊರಮುಖವಾಗಿ ಬಿಳಿ ಫ್ಲಡ್ ಲೈಟ್ ಹಾಕಿಸಿಕೊಂಡು ಓಡಿಸಬೇಡಿ. ಹಿಂದೆ ಬರುವ ಬೈಕಿನವನ ಕಣ್ಣೂ ಉಳಿಯಲಿ.

ಆರು ತಿಂಗಳಿಗೊಮ್ಮೆ ಅರ್ಥಿಂಗ್ ಬೋಲ್ಟ್ ಬಿಗಿ ಇದೆಯಾ, ಗ್ರೊಮೆಟ್ ಜಾರಿಲ್ಲವಾ ಅಂತ ನೋಡಿ. ಆ ಎರಡನೇ ಫ್ಯೂಸ್ ಇದೆಯಲ್ಲ, ಅದನ್ನು ಹೋಲ್ಡರ್ ಪಕ್ಕದಲ್ಲೇ ಟೇಪ್ ಸುತ್ತಿ ಇಡಿ. ಟೂಲ್ ಬಾಕ್ಸಿನಲ್ಲಿ ಹಾಕಿದರೆ, ಫ್ಯೂಸ್ ಹಾರಿದ ರಾತ್ರಿ ಅದನ್ನು ಹುಡುಕೋಕೆ ಲೈಟ್ ಇರಲ್ಲ.